ದ್ವೇಷದ ಭಾಷಣ, ಬೀದಿಯ ಹಿಂಸೆ: ಹೊಣೆ ಯಾರದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಾದರೂ ಗಲಭೆ ಆಯಿತು, ಯಾರದೋ ಕೊಲೆ ಆಯಿತು ಅಂದ ತಕ್ಷಣ ಟಿವಿ ಚರ್ಚೆಯಲ್ಲಿ ಎರಡೇ ಮಾತು ಕೇಳಿಸುತ್ತವೆ. ‘ಇಂಥವರ ಭಾಷಣವೇ ಇದಕ್ಕೆ ಕಾರಣ’ ಅಂತ ಒಂದು ಕಡೆಯವರು. ‘ಭಾಷಣಕ್ಕೂ ಇದಕ್ಕೂ ಏನು ಸಂಬಂಧ’ ಅಂತ ಇನ್ನೊಂದು ಕಡೆಯವರು. ಮುಂದಿನ ಸಲ ಪೆಟ್ಟು ತಿಂದವರು ಬೇರೆ ಪಕ್ಷದವರಾದರೆ ಇವರ ಮಾತು ಅವರ ಬಾಯಲ್ಲಿ, ಅವರ ಮಾತು ಇವರ ಬಾಯಲ್ಲಿ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ, ಯಾಕಂದ್ರೆ ಸತ್ತವರ ಬಗ್ಗೆ ಆಗಬೇಕಾದ ವಿಚಾರಣೆ ಆಗುವುದೇ ಇಲ್ಲ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಮಾತಾಡಿದವರಿಗೂ ಹೊಣೆ ಇದೆ. ಆದರೆ ಎಲ್ಲ ಸಲವೂ ಇರುವುದಿಲ್ಲ, ಇದ್ದಾಗಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಪ್ರತಿ ಸಲ ಸಾಕ್ಷಿ ಇಟ್ಟುಕೊಂಡೇ ಅಳೆಯಬೇಕು.

ಭಾಷಣ ಯಾರನ್ನಾದರೂ ಕೊಲ್ಲುತ್ತದಾ? ಕೊಲ್ಲುವುದು ಕತ್ತಿ ಹಿಡಿದವನು ತಾನೇ?

ಕತ್ತಿ ಹಿಡಿದವನ ಹೊಣೆ ಪೂರ್ತಿ ಅವನದೇ. ಅದರಲ್ಲಿ ಒಂದು ಎಳ್ಳಿನಷ್ಟೂ ಕಡಿಮೆ ಮಾಡಬೇಕಾಗಿಲ್ಲ. ‘ನನಗೆ ಹೇಳಿದರು, ಮಾಡಿದೆ’ ಅಂತ ಅವನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆದರೆ ಹೊಣೆ ಒಬ್ಬರ ತಲೆ ಮೇಲೆ ಬಂದರೆ ಇನ್ನೊಬ್ಬರ ತಲೆಯಿಂದ ಇಳಿಯುತ್ತದೆ ಅನ್ನುವ ಲೆಕ್ಕ ತಪ್ಪು. ಸುಪಾರಿ ಕೊಟ್ಟವನು ಕತ್ತಿ ಮುಟ್ಟಿರುವುದಿಲ್ಲ, ಆದರೂ ಅವನು ಅಪರಾಧಿ. ಕುಮ್ಮಕ್ಕು ಕೊಡುವುದು ಅಪರಾಧ ಅಂತ ನಮ್ಮ ಕಾನೂನಿನಲ್ಲಿ ಬ್ರಿಟಿಷರ ಕಾಲದಿಂದಲೂ ಇದೆ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಹಾಗಾಗಿ ‘ಮಾತಿಗೆ ಹೊಣೆ ಇರಬಹುದಾ’ ಅನ್ನುವ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಕಷ್ಟದ ಪ್ರಶ್ನೆ ಬೇರೆ. ಹೆಸರು ಹೇಳದೆ, ದುಡ್ಡು ಕೊಡದೆ, ‘ಹೊಡಿ’ ಅಂತಲೂ ಅನ್ನದೆ, ಒಂದು ಜನಾಂಗದ ಮೇಲೆ ವರ್ಷಗಟ್ಟಲೆ ವಿಷ ಕಾರಿದವರನ್ನು ಏನು ಮಾಡುವುದು?

ಭಾಷಣ ಹಿಂಸೆಗೆ ದಾರಿ ಮಾಡಿಕೊಟ್ಟಿತು ಅಂತ ಕೋರ್ಟಿನಲ್ಲಿ ನಿಂತ ಉದಾಹರಣೆ ಇದೆಯಾ?

ಇದೆ. ರುವಾಂಡಾದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಉಳಿದ ಎಲ್ಲ ಪ್ರಶ್ನೆಗೂ ಇದು ಬೇಕಾಗುತ್ತದೆ.

1992ರ ನವೆಂಬರ್ 22. ದೇಶದ ವಾಯವ್ಯ ಭಾಗದ ಕಬಾಯಾ ಅನ್ನುವ ಊರಿನಲ್ಲಿ ಆಳುವ ಪಕ್ಷದ ಸಭೆ. ಮಾತಾಡಿದ್ದು ಲಿಯೊನ್ ಮುಗೆಸೆರಾ ಎಂಬ ಪಕ್ಷದ ಸ್ಥಳೀಯ ಮುಖಂಡ, ಓದಿದ ಮನುಷ್ಯ. ಅಲ್ಲಿ ಹುಟುಗಳು ಬಹುಸಂಖ್ಯಾತರು, ಟುಟ್ಸಿಗಳು ಅಲ್ಪಸಂಖ್ಯಾತರು. ಟುಟ್ಸಿಗಳು ಈ ನೆಲದವರೇ ಅಲ್ಲ, ಇಥಿಯೋಪಿಯಾದಿಂದ ಬಂದವರು ಅನ್ನುವ ಕತೆ ಆಗಲೇ ಚಾಲ್ತಿಯಲ್ಲಿತ್ತು. ಈತ ಆ ಕತೆಯನ್ನೇ ಎತ್ತಿಕೊಂಡು, ಅವರನ್ನು ನ್ಯಾಬರೊಂಗೊ ನದಿಯ ಮೂಲಕ ಬೇಗ ಇಥಿಯೋಪಿಯಾಕ್ಕೆ ಕಳಿಸಿಬಿಡೋಣ ಎಂಬರ್ಥದ ಮಾತು ಆಡಿದ. ಆ ನದಿಯಲ್ಲಿ ದೋಣಿ ಹಾಕಿಕೊಂಡು ಇಥಿಯೋಪಿಯಾಕ್ಕೆ ಹೋಗಲು ಆಗುವುದಿಲ್ಲ. ಕೇಳಿದ ಜನಕ್ಕೆ ಅರ್ಥ ಆಗಿತ್ತು. ಹೆಣವಾಗಿ ಕಳಿಸೋಣ ಅಂತ.

ಆಗ ಅಲ್ಲಿನ ನ್ಯಾಯ ಮಂತ್ರಿಯೇ ಆತನ ಬಂಧನಕ್ಕೆ ವಾರೆಂಟ್ ಹೊರಡಿಸಿದರು. ಆತ ದೇಶ ಬಿಟ್ಟು ಓಡಿಹೋಗಿ ಕೆನಡಾ ಸೇರಿಕೊಂಡ.

1994ರ ಏಪ್ರಿಲ್ 6ರಂದು ರುವಾಂಡಾ ಅಧ್ಯಕ್ಷರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮಾರನೇ ದಿನದಿಂದ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳನ್ನು ಕೊಂದರು. ಕೊಲ್ಲಲು ಒಪ್ಪದ ಹುಟುಗಳನ್ನೂ ಕೊಂದರು. ನ್ಯಾಬರೊಂಗೊ ನದಿಗೆ ಎಸೆದ ಹೆಣಗಳು ಕಗೇರಾ ನದಿ ಸೇರಿ, ತೇಲಿಕೊಂಡು ವಿಕ್ಟೋರಿಯಾ ಸರೋವರದವರೆಗೆ ಹೋದವು. ಉಗಾಂಡಾ ಕಡೆಯ ದಡದಲ್ಲಿ ಊರಿನ ಜನ ಸಾವಿರಗಟ್ಟಲೆ ಹೆಣ ಎತ್ತಿ ಹೂಳಬೇಕಾಯಿತು.

2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ಒಂದು ಭಾಷಣವನ್ನು ಸಾಲು ಸಾಲಾಗಿ ಓದಿ, ಅದು ಕೊಲೆಗೆ, ನರಮೇಧಕ್ಕೆ ಪ್ರಚೋದನೆಯೇ ಹೌದು ಎಂದು ಹೇಳಿ ಗಡೀಪಾರಿಗೆ ಒಪ್ಪಿತು. 2012ರಲ್ಲಿ ಮುಗೆಸೆರಾನನ್ನು ವಾಪಸ್ ಕಳಿಸಿದರು. 2016ರಲ್ಲಿ ರುವಾಂಡಾದಲ್ಲಿ ಜೀವಾವಧಿ ಶಿಕ್ಷೆ ಆಯಿತು. ಭಾಷಣ ಮಾಡಿ 23 ವರ್ಷ ಕಳೆದಿತ್ತು. ನರಮೇಧ ನಡೆಯುವಾಗ ಆತ ದೇಶದಲ್ಲೇ ಇರಲಿಲ್ಲ, ನೆನಪಿರಲಿ.

ರೇಡಿಯೊ ಕೇಳಿ ಜನ ಮಚ್ಚು ಹಿಡಿದರು ಅನ್ನುತ್ತಾರಲ್ಲ, ಅದು ನಿಜವಾ?

ಅರ್ಧ ನಿಜ. ಆರ್‌ಟಿಎಲ್‌ಎಂ ಅನ್ನುವ ರೇಡಿಯೊ 1993ರ ಜುಲೈನಲ್ಲಿ ಶುರುವಾಯಿತು. ಒಳ್ಳೆ ಹಾಡು ಹಾಕುತ್ತಿದ್ದರು. ನಿರೂಪಕರು ಚಹಾ ಅಂಗಡಿಯಲ್ಲಿ ಹರಟೆ ಹೊಡೆಯುವ ಧಾಟಿಯಲ್ಲಿ ಮಾತಾಡುತ್ತಿದ್ದರು. ಅದರ ಮಧ್ಯೆಯೇ ಟುಟ್ಸಿಗಳನ್ನು ಜಿರಲೆ ಅನ್ನುವುದು. ಕೊಲೆ ಶುರುವಾದ ಮೇಲೆ ಹೆಸರು, ವಿಳಾಸ, ಕಾರಿನ ನಂಬರ್ ಓದಿ ಹೇಳುವುದು.

ಡೇವಿಡ್ ಯಾನಗಿಜಾವಾ-ಡ್ರಾಟ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಲೆಕ್ಕ ಹಾಕಿ ನೋಡಿದರು. ರುವಾಂಡಾ ಪೂರ್ತಿ ಗುಡ್ಡಗಾಡು. ಗುಡ್ಡ ಅಡ್ಡ ಬಂದ ಹಳ್ಳಿಗೆ ರೇಡಿಯೊ ಸಿಗ್ನಲ್ ಸಿಗುತ್ತಿರಲಿಲ್ಲ, ಪಕ್ಕದ ಹಳ್ಳಿಗೆ ಸಿಗುತ್ತಿತ್ತು. ಎರಡನ್ನೂ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅವರ ಅಂದಾಜಿನ ಪ್ರಕಾರ, ಒಟ್ಟು ಹಿಂಸೆಯಲ್ಲಿ ಸುಮಾರು ಶೇ 10ರಷ್ಟು ಆ ರೇಡಿಯೊದ ಪಾಲು. ಸ್ಕಾಟ್ ಸ್ಟ್ರಾಸ್ ಅನ್ನುವ ರಾಜ್ಯಶಾಸ್ತ್ರಜ್ಞ ಜೈಲಿನಲ್ಲಿದ್ದ ಹಂತಕರನ್ನೇ ಮಾತಾಡಿಸಿದರು. ಅವರಲ್ಲಿ ಬಹಳಷ್ಟು ಜನ ಹೇಳಿದ್ದು ರೇಡಿಯೊ ಬಗ್ಗೆ ಅಲ್ಲ. ಊರಿನ ಮುಖಂಡ, ಅಕ್ಕಪಕ್ಕದವರು ಮನೆ ಬಾಗಿಲಿಗೆ ಬಂದು ‘ಬಾ’ ಅಂದರು, ಹೋಗದಿದ್ದರೆ ನಮಗೇ ಕುತ್ತು ಅನ್ನಿಸಿತು, ಯುದ್ಧದ ಭಯ ಬೇರೆ ಇತ್ತು ಅಂತ.

ಶೇ 10 ಕಡಿಮೆ ಅನ್ನಿಸಬಹುದು. ಲಕ್ಷಗಳ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಅಂದರೆ ಎಷ್ಟು ಜೀವ ಅಂತ ಯೋಚಿಸಿ.

ಇನ್ನೊಂದು ಸಂಶೋಧನೆ ನನಗೆ ಇದಕ್ಕಿಂತ ಮುಖ್ಯ. ನರಮೇಧದ ನಂತರ ಅದೇ ದೇಶದಲ್ಲಿ ಸೌಹಾರ್ದದ ಬಗ್ಗೆ ಒಂದು ರೇಡಿಯೊ ಧಾರಾವಾಹಿ ಬರುತ್ತಿತ್ತು. ಎಲಿಜಬೆತ್ ಪಲಕ್ ಎಂಬ ಮನಶ್ಶಾಸ್ತ್ರಜ್ಞೆ ಅದನ್ನು ಕೇಳಿದವರನ್ನೂ ಕೇಳದವರನ್ನೂ ಒಂದು ವರ್ಷ ಗಮನಿಸಿದರು. ಕೇಳಿದವರ ಸ್ವಂತ ನಂಬಿಕೆ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾಗಿದ್ದು ‘ನಮ್ಮ ಸುತ್ತಲಿನವರು ಯಾವುದನ್ನು ಒಪ್ಪುತ್ತಾರೆ’ ಅನ್ನುವ ಅಂದಾಜು. ನಡೆದುಕೊಳ್ಳುವ ರೀತಿ ಬದಲಾಗಿದ್ದೂ ಅದರ ಜೊತೆಗೇ.

ದ್ವೇಷ ಭಾಷಣಕ್ಕೂ ಇದನ್ನೇ ತಿರುಗಿಸಿ ನೋಡಿ. ನಾಯಕನ ಮಾತು ಹೊಸದಾಗಿ ದ್ವೇಷ ಹುಟ್ಟಿಸುವುದಕ್ಕಿಂತ, ಒಳಗೆ ಇದ್ದ ದ್ವೇಷಕ್ಕೆ ಪರವಾನಗಿ ಕೊಡುವುದೇ ಜಾಸ್ತಿ. ‘ನೀನು ಮಾಡಿದರೆ ಯಾರೂ ಬೈಯಲ್ಲ, ಯಾರೂ ಹಿಡಿಯಲ್ಲ, ನಾವಿದ್ದೇವೆ’ ಅನ್ನುವುದು ಕೇಳುವವನ ಕಿವಿಗೆ ಬೀಳುತ್ತದೆ. ಅದಕ್ಕೇ ಒಬ್ಬ ಮಂತ್ರಿ ಆಡುವ ಮಾತೂ ಬಸ್‌ಸ್ಟ್ಯಾಂಡಿನಲ್ಲಿ ಕುಡಿದವನು ಆಡುವ ಮಾತೂ ಪದ ಒಂದೇ ಆಗಿದ್ದರೂ ಒಂದೇ ಅಲ್ಲ.

ಆ ರೇಡಿಯೊದವರಿಗೆ ಶಿಕ್ಷೆ ಆಯ್ತಾ?

ಆಯಿತು, ಆದರೆ ತೀರ್ಪಿನ ಒಳಗೆ ಇರುವುದನ್ನು ಗಮನಿಸಬೇಕು. ರೇಡಿಯೊದ ಇಬ್ಬರು ಸ್ಥಾಪಕರು ಮತ್ತು ಕಂಗೂರಾ ಎಂಬ ಪತ್ರಿಕೆಯ ಸಂಪಾದಕನಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು. 2007ರಲ್ಲಿ ಮೇಲ್ಮನವಿ ಪೀಠ ಕೆಲವು ಆರೋಪಗಳನ್ನು ಕೈಬಿಟ್ಟು ಶಿಕ್ಷೆಯನ್ನು 30ರಿಂದ 35 ವರ್ಷಗಳ ನಡುವೆ ಇಳಿಸಿತು. ರೇಡಿಯೊ ವಿಷಯದಲ್ಲಿ ಅದು ಹೇಳಿದ್ದು ಇಷ್ಟು: 1994ರ ಏಪ್ರಿಲ್ 6ರ ನಂತರದ ಕೆಲವು ಪ್ರಸಾರ ನೇರ ಪ್ರಚೋದನೆ ಅನ್ನುವುದಕ್ಕೆ ಸಾಕ್ಷಿ ಇದೆ. ಅದಕ್ಕಿಂತ ಮುಂಚಿನದು ದ್ವೇಷದ ಮಾತು ಹೌದು, ಆದರೆ ನರಮೇಧಕ್ಕೆ ನೇರ ಕರೆ ಅಂತ ಸಾಬೀತಾಗಿಲ್ಲ.

ಅಂದರೆ ಅಷ್ಟು ದೊಡ್ಡ ದುರಂತದ ಮುಂದೆ ನಿಂತುಕೊಂಡೂ ಕೋರ್ಟು ಗೆರೆ ಎಳೆಯಿತು. ಬಹಳ ಜನಕ್ಕೆ ಇದರಿಂದ ಸಿಟ್ಟು ಬಂತು. ನನಗೆ ಆ ಗೆರೆ ಬೇಕು ಅನ್ನಿಸುತ್ತದೆ. ಜೈಲಿಗೆ ಹಾಕುವುದಕ್ಕೆ ಬೇಕಾದ ಸಾಕ್ಷಿ ಬೇರೆ, ‘ನೀವು ಇದಕ್ಕೆ ದಾರಿ ಮಾಡಿದಿರಿ’ ಅಂತ ಮುಖಕ್ಕೆ ಹೇಳುವುದಕ್ಕೆ ಬೇಕಾದ ಸಾಕ್ಷಿ ಬೇರೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ಮುಖಂಡರ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲೂ ಹೀಗೇ ಆಗಿತ್ತು. ಯಹೂದಿಗಳ ವಿರುದ್ಧ ವಿಷ ಕಾರುತ್ತಿದ್ದ ಪತ್ರಿಕೆಯ ಜೂಲಿಯಸ್ ಸ್ಟ್ರೈಶರ್‌ಗೆ 1946ರಲ್ಲಿ ಗಲ್ಲಾಯಿತು. ಅವರನ್ನು ನಿರ್ನಾಮ ಮಾಡುತ್ತಿದ್ದಾರೆ ಅಂತ ಗೊತ್ತಿದ್ದೂ ಆತ ‘ನಿರ್ನಾಮ ಮಾಡಿ’ ಅಂತ ಬರೆಯುತ್ತಲೇ ಹೋದ. ಅದೇ ಕಟಕಟೆಯಲ್ಲಿದ್ದ ನಾಜಿ ರೇಡಿಯೊದ ಹಾನ್ಸ್ ಫ್ರಿಟ್ಶೆ ಖುಲಾಸೆಯಾದ.

ಸುಮ್ನೆ ಭಾಷಣದ ಮೇಲೆ ತಪ್ಪು ಹೊರಿಸಿದ್ದೂ ಇದೆ ಅಲ್ವಾ?

ಖಂಡಿತ ಇದೆ. ಅಮೆರಿಕದ ಟೂಸಾನ್ ನಗರದಲ್ಲಿ 2011ರ ಜನವರಿ 8ರಂದು, ಸೂಪರ್‌ಮಾರ್ಕೆಟ್ ಹೊರಗೆ ಜನರನ್ನು ಭೇಟಿ ಮಾಡುತ್ತಿದ್ದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಅವರ ತಲೆಗೆ ಒಬ್ಬ ಗುಂಡು ಹೊಡೆದ. ಆರು ಜನ ಸತ್ತರು. ಅವರಲ್ಲಿ ಒಬ್ಬರು ನ್ಯಾಯಾಧೀಶರು, ಒಂದು ಒಂಬತ್ತು ವರ್ಷದ ಹೆಣ್ಣುಮಗು.

ಅದಕ್ಕೂ ಹಿಂದಿನ ವರ್ಷ, ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ನಾಯಕಿ ಸಾರಾ ಪೇಲಿನ್ ಅವರ ರಾಜಕೀಯ ಸಂಘಟನೆ ಒಂದು ನಕ್ಷೆ ಹಾಕಿತ್ತು. ಸೋಲಿಸಬೇಕಾದ 20 ಕ್ಷೇತ್ರಗಳ ಮೇಲೆ ಬಂದೂಕಿನ ಗುರಿ ಚಿಹ್ನೆ. ಗಿಫರ್ಡ್ಸ್ ಕ್ಷೇತ್ರವೂ ಅದರಲ್ಲಿತ್ತು. ಗುಂಡಿನ ಸುದ್ದಿ ಬಂದ ಕೆಲವೇ ಗಂಟೆಯಲ್ಲಿ ‘ನಕ್ಷೆಯೇ ಕಾರಣ’ ಅಂತ ದೇಶವೆಲ್ಲ ಮಾತಾಡಿತು.

ತನಿಖೆಯಲ್ಲಿ ಕಂಡಿದ್ದೇ ಬೇರೆ. ಗುಂಡು ಹೊಡೆದವನಿಗೆ ತೀವ್ರ ಮಾನಸಿಕ ಕಾಯಿಲೆ ಇತ್ತು. ಗಿಫರ್ಡ್ಸ್ ಮೇಲೆ ಅವನಿಗೆ ಹಗೆ ಶುರುವಾಗಿದ್ದು 2007ರ ಒಂದು ಸಭೆಯಿಂದ, ನಕ್ಷೆ ಬರುವ ಮೂರು ವರ್ಷ ಮೊದಲು. ಅವನು ಆ ನಕ್ಷೆ ನೋಡಿದ್ದ ಅನ್ನುವುದಕ್ಕೆ ಯಾವ ಸಾಕ್ಷಿಯೂ ಸಿಗಲಿಲ್ಲ. ಆರು ವರ್ಷ ಆದಮೇಲೆ, 2017ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸಂಪಾದಕೀಯದಲ್ಲಿ ಮತ್ತೆ ಆ ಸಂಬಂಧ ಕಲ್ಪಿಸಿ, ತಕ್ಷಣವೇ ತಿದ್ದಬೇಕಾಯಿತು. ಪೇಲಿನ್ ಮಾನನಷ್ಟ ಕೇಸು ಹಾಕಿದರು. 2022ರಲ್ಲೂ 2025ರ ಮರುವಿಚಾರಣೆಯಲ್ಲೂ ಅವರು ಸೋತರು. ಆದರೆ ಪತ್ರಿಕೆ ಬರೆದಿದ್ದು ಸರಿ ಅಂತ ಅದರ ಅರ್ಥ ಅಲ್ಲ.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ನಕ್ಷೆ ಬಂದ ಕಾಲಕ್ಕೇ ಗಿಫರ್ಡ್ಸ್ ಕಚೇರಿಯ ಗಾಜು ಒಡೆದಿದ್ದರು. ಇಂಥದ್ದಕ್ಕೆಲ್ಲ ಪರಿಣಾಮ ಇರುತ್ತದೆ ಅಂತ ಗಿಫರ್ಡ್ಸ್ ಟಿವಿಯಲ್ಲಿ ಎಚ್ಚರಿಸಿದ್ದರು. ಹಾಗಾಗಿ ಆ ನಕ್ಷೆ ಕೆಟ್ಟದ್ದು ಅನ್ನುವುದಕ್ಕೆ ಈ ಕೊಲೆಗಳ ಸಾಕ್ಷಿ ಬೇಕಾಗಿರಲೇ ಇಲ್ಲ. ಎದುರಾಳಿಯ ಊರಿನ ಮೇಲೆ ಬಂದೂಕಿನ ಗುರಿ ಇಡುವುದು ಯಾರೂ ಸಾಯದಿದ್ದರೂ ಕೆಟ್ಟದ್ದೇ. ಮಾತು ಕೆಟ್ಟದ್ದಾ ಅನ್ನುವುದು ಒಂದು, ಆ ಮಾತಿನಿಂದ ಈ ಕೊಲೆ ಆಯಿತಾ ಅನ್ನುವುದು ಇನ್ನೊಂದು. ಇವೆರಡನ್ನೂ ಕಲಸಿದರೆ, ಕೊಲೆಗೆ ಸಂಬಂಧ ಇಲ್ಲ ಅಂತ ಗೊತ್ತಾದ ದಿನ ಮಾತಾಡಿದವರು ಎದೆ ಉಬ್ಬಿಸಿಕೊಂಡು ಹೊರಗೆ ಬರುತ್ತಾರೆ.

ಸಾಕ್ಷಿ ಇದೆ ಅಂತಲೂ ಹೇಳಲಾಗದ, ಇಲ್ಲ ಅಂತಲೂ ಹೇಳಲಾಗದ ಪ್ರಕರಣ?

ಇಸ್ರೇಲ್ ಪ್ರಧಾನಿ ಯಿಟ್ಜಾಕ್ ರಾಬಿನ್ ಕೊಲೆ, 1995ರ ನವೆಂಬರ್ 4. ಪ್ಯಾಲೆಸ್ಟೀನಿಯರ ಜೊತೆ ಒಪ್ಪಂದ ಮಾಡಿಕೊಂಡರು ಅಂತ ಅವರನ್ನು ತಿಂಗಳುಗಟ್ಟಲೆ ದ್ರೋಹಿ ಅಂದರು. ಕೊಲೆಗೆ ಒಂದು ತಿಂಗಳ ಮೊದಲು ಜೆರುಸಲೇಮಿನ ಸಭೆಯಲ್ಲಿ ನಾಜಿ ಸಮವಸ್ತ್ರ ತೊಡಿಸಿದ ಅವರ ಚಿತ್ರ ಜನರ ಕೈಯಲ್ಲಿತ್ತು. ಕೆಲವು ಧರ್ಮಗುರುಗಳು ಇಂಥವನನ್ನು ಕೊಲ್ಲಬಹುದಾ ಅಂತ ಧರ್ಮಶಾಸ್ತ್ರ ತೆಗೆದು ಚರ್ಚೆ ಮಾಡಿದರು. ಕೊಂದ ಕಾನೂನು ವಿದ್ಯಾರ್ಥಿ ಅದೇ ಧರ್ಮಶಾಸ್ತ್ರದ ಸಮರ್ಥನೆ ಕೊಟ್ಟ. ಅವನಿಗೆ ಜೀವಾವಧಿ ಆಯಿತು. ಸಂಚಿನಲ್ಲಿದ್ದವರಿಗೂ ಶಿಕ್ಷೆ ಆಯಿತು. ವೇದಿಕೆ ಮೇಲಿದ್ದ ಯಾವ ರಾಜಕಾರಣಿಗೂ ಆಗಲಿಲ್ಲ.

ಕಾನೂನಿನ ಪ್ರಕಾರ ಅದು ಸರಿ ಇರಬಹುದು. ಆದರೆ ಕೊಂದವನಿಗೆ ‘ನಾನು ಮಾಡುತ್ತಿರುವುದು ಪುಣ್ಯದ ಕೆಲಸ’ ಅನ್ನುವ ಧೈರ್ಯ ಎಲ್ಲಿಂದಲೋ ಬಂದಿರಬೇಕು ತಾನೇ? ನನ್ನ ಪ್ರಕಾರ ಆ ವೇದಿಕೆಗಳಲ್ಲಿ ನಿಂತು, ಆ ಘೋಷಣೆ ಕೇಳಿಯೂ ತಡೆಯದವರ ಮೇಲೆ ನೈತಿಕ ಹೊಣೆ ಇದೆ.

ನಮ್ಮ ಕಾನೂನು ಏನು ಹೇಳುತ್ತದೆ?

ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ಇಂಥ ಕಾರಣಕ್ಕೆ ಮಿತಿ ಹಾಕಬಹುದು ಅನ್ನುವುದು 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ್ದು. ಧರ್ಮ, ಜಾತಿ, ಭಾಷೆ ಹೆಸರಲ್ಲಿ ಹಗೆ ಹುಟ್ಟಿಸಿದರೆ ಹಿಂದೆ ಐಪಿಸಿ 153ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್. ಮೂರು ವರ್ಷದವರೆಗೆ ಜೈಲು, ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ. ಚುನಾವಣೆ ವೇಳೆ ಹೀಗೆ ಮಾಡಿದರೆ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಅಪರಾಧ.

ಗೆರೆ ಎಲ್ಲಿ ಅಂತ ಸುಪ್ರೀಂ ಕೋರ್ಟ್ ಬಹಳ ಸಲ ಹೇಳಿದೆ. 1960ರಲ್ಲಿ ರಾಮ್ ಮನೋಹರ್ ಲೋಹಿಯಾ ಪ್ರಕರಣದಲ್ಲಿ, ಮಾತಿಗೂ ಅಶಾಂತಿಗೂ ಹತ್ತಿರದ ಸಂಬಂಧ ಇರಬೇಕು, ದೂರದ ಊಹೆ ಸಾಲದು ಅಂದಿತು. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ, ಮದ್ದಿನ ಪೀಪಾಯಿಯೊಳಗಿನ ಕಿಡಿಯಷ್ಟು ಹತ್ತಿರ ಇರಬೇಕು ಅಂದಿತು. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ, ಮೂರನೆಯದಕ್ಕೆ ಮಾತ್ರ ಕಾನೂನು ಕೈ ಹಾಕಬಹುದು ಅಂದಿತು.

ಇಷ್ಟೆಲ್ಲ ಇದ್ದರೂ ದೊಡ್ಡವರಿಗೆ ಯಾಕೆ ಶಿಕ್ಷೆ ಆಗಲ್ಲ?

ಈ ಕಾನೂನಿನ ದಾರಿಯಲ್ಲಿ ಸರ್ಕಾರದ ಗೇಟು ಇದೆ. 196ನೇ ಸೆಕ್ಷನ್‌ನಂಥ ಕೇಸನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಐಆರ್ ಆಗುತ್ತದೆ, ಫೈಲು ಅಲ್ಲಿ ಹೋಗಿ ಕೂರುತ್ತದೆ. ಭಾಷಣ ಮಾಡಿದವರು ಆಳುವ ಪಕ್ಷದವರಾದರೆ ಅದು ಏಳುವುದು ಕಷ್ಟ. ಸರ್ಕಾರ ಬದಲಾದರೆ ಕೇಸು ವಾಪಸ್.

ನಮ್ಮ ರಾಜ್ಯದಲ್ಲೇ ನೋಡಿ. 2020ರಲ್ಲಿ ಆಗಿನ ಸರ್ಕಾರ ಜನಪ್ರತಿನಿಧಿಗಳ ಮೇಲಿದ್ದವೂ ಸೇರಿ 61 ಕೇಸು ವಾಪಸ್ ಪಡೆಯಲು ಹೊರಟಿತು, ಹೈಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಹುಬ್ಬಳ್ಳಿ ಗಲಭೆಯದೂ ಸೇರಿ 43 ಕೇಸು ವಾಪಸ್ ಪಡೆಯಲು ಆದೇಶ ಮಾಡಿತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇವೆಲ್ಲ ಭಾಷಣದ ಕೇಸುಗಳೇ ಅಲ್ಲ. ಆದರೆ ಬೀದಿಯಲ್ಲಿ ಕಲ್ಲು ಹಿಡಿದ ಹುಡುಗನಿಗೆ ಇದರಿಂದ ತಲುಪುವ ಸುದ್ದಿ ಏನು? ನಮ್ಮವರು ಅಧಿಕಾರಕ್ಕೆ ಬಂದರೆ ಕೇಸು ಹೋಗುತ್ತದೆ. ಭಾಷಣ ಕೊಡುವ ಪರವಾನಗಿಗೆ ಸರ್ಕಾರವೇ ಮೊಹರು ಒತ್ತಿದ ಹಾಗಾಯಿತು. ಎರಡೂ ಪಕ್ಷಗಳ ಮೇಲೆ ನನಗೆ ಇರುವ ದೊಡ್ಡ ತಕರಾರು ಇದೇ.

2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ದೂರಿಗೆ ಕಾಯದೆ ತಾನಾಗಿಯೇ ಕೇಸು ದಾಖಲಿಸಿ, ಧರ್ಮ ನೋಡಬೇಡಿ ಅಂತ ಮೂರು ಕಡೆಯ ಪೊಲೀಸರಿಗೆ ಹೇಳಿತು. 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಆದೇಶ ಒಳ್ಳೆಯದೇ. ಠಾಣೆಯಲ್ಲಿ ಕೂತ ಇನ್‌ಸ್ಪೆಕ್ಟರಿಗೆ ವರ್ಗಾವಣೆ ಭಯ ಹೋಗುವ ತನಕ ಅದರಿಂದ ಜಾಸ್ತಿ ಆಗುವುದಿಲ್ಲ.

ಹಾಗಾದರೆ ಇನ್ನೂ ಬಿಗಿ ಕಾನೂನು ತರಬೇಕಲ್ವಾ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸಾಯಿತು. ಉದ್ದೇಶಕ್ಕೆ ನನ್ನ ವಿರೋಧ ಇಲ್ಲ. ಆದರೆ ವ್ಯಾಖ್ಯೆ ಅಗಲ ಆದಷ್ಟೂ ಮೊದಲು ಸಿಕ್ಕಿಬೀಳುವುದು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದ ಕಾಲೇಜು ಹುಡುಗ, ಸ್ಥಳೀಯ ಪತ್ರಕರ್ತ. ದೊಡ್ಡ ವೇದಿಕೆಯವರಿಗೆ ಒಳ್ಳೆ ವಕೀಲರಿದ್ದಾರೆ. ಇರುವ ಸೆಕ್ಷನ್‌ಗಳನ್ನು ಪಕ್ಷ ನೋಡದೆ ಹಾಕಿ, ಪೂರ್ವಾನುಮತಿಗೆ ಗಡುವು ಇಡಿ, ಆಮೇಲೆ ಸಾಲದಿದ್ದರೆ ಹೊಸದರ ಮಾತು ಎತ್ತೋಣ.

ನಾವು ಕನ್ನಡಿಗರು ಶಾಂತಿಪ್ರಿಯರು, ಇದೆಲ್ಲ ನಮ್ಮಲ್ಲಿ ಎಲ್ಲಿದೆ?

1991ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ ಆದ ಮೇಲೆ ಬೆಂಗಳೂರಿನಲ್ಲಿ ತಮಿಳರ ಮೇಲೆ ದಾಳಿ ಆಯಿತು, ಜೀವಗಳು ಹೋದವು, ಸಾವಿರಾರು ತಮಿಳರು ಊರು ಬಿಟ್ಟರು. ಕೂಲಿ ಮಾಡಿ ಬದುಕುತ್ತಿದ್ದವರು ಮೆಟ್ಟೂರಿನ ನೀರಿನ ಲೆಕ್ಕಕ್ಕೆ ಹೇಗೆ ಹೊಣೆ?

2016ರದು ಇನ್ನೂ ಹತ್ತಿರದ್ದು. ಸೆಪ್ಟೆಂಬರ್ 5ರಂದು ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನಲ್ಲಿ ಒಬ್ಬ ತಮಿಳು ಹುಡುಗನನ್ನು, ಕನ್ನಡ ನಟರ ಬಗ್ಗೆ ಹಾಕಿದ ಪೋಸ್ಟಿಗಾಗಿ ಹೊಡೆದು ಕ್ಷಮೆ ಕೇಳಿಸಿದ ವಿಡಿಯೊ ಹರಿದಾಡಿತು. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಕಪಾಳಕ್ಕೆ ಹೊಡೆದ ವಿಡಿಯೊ ಈ ಕಡೆ ಬಂತು. 12ನೇ ತಾರೀಖು ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್, ಬೆಂಗಳೂರಿನ ಡಿಪೊ ಒಂದರಲ್ಲಿ ತಮಿಳುನಾಡಿನವರ ಹತ್ತಾರು ಬಸ್ಸು ಬೂದಿ. ಹೆಗ್ಗನಹಳ್ಳಿಯಲ್ಲಿ ಪೊಲೀಸ್ ಗುಂಡಿಗೆ ಒಬ್ಬರು ಸತ್ತರು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಅವತ್ತು ‘ಸುಡಿ’ ಅಂತ ಭಾಷಣ ಮಾಡಿದ ಒಬ್ಬ ನಾಯಕನನ್ನು ಹುಡುಕಿದರೆ ಸಿಗಲಿಕ್ಕಿಲ್ಲ. ಆದರೆ ‘ನಮ್ಮ ಪಾಲಿನ ನೀರು’ ಅನ್ನುವ ನ್ಯಾಯದ ಮಾತು ‘ಅವರು ಕಳ್ಳರು’ ಅನ್ನುವ ಮಾತಾಗಿ ಹೊರಳಿದ್ದು ವೇದಿಕೆಗಳ ಮೇಲೆ, ಸ್ಟುಡಿಯೊಗಳಲ್ಲಿ. ಹೊರಳಿಸಿದವರಿಗೆ ಹೊಣೆ ಇಲ್ಲ ಅನ್ನಲು ನನ್ನಿಂದ ಆಗುವುದಿಲ್ಲ. ಕಾವೇರಿ ನಮ್ಮದು ಅನ್ನುವ ಭಾವನೆ ನನಗೂ ಇದೆ, ಅದಕ್ಕೇ ಈ ಉದಾಹರಣೆ ಕೊಟ್ಟೆ. ಬೇರೆಯವರ ಭಾಷಣ ಅಳೆಯುವ ಕೋಲಿನಿಂದಲೇ ನಮ್ಮದನ್ನೂ ಅಳೆಯಬೇಕು.

ನಾಯಕರೇ ಇಲ್ಲದೆ ಬರೀ ವಾಟ್ಸಾಪ್‌ನಿಂದ ಆಗುವ ಹಿಂಸೆ?

ಆಗುತ್ತದೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಸರ್ಕಾರ 15 ದಿನ ಗುಂಪು ಎಸ್‌ಎಂಎಸ್ ನಿಲ್ಲಿಸಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟರು ಅನ್ನುವುದಕ್ಕೆ ಮಕ್ಕಳ ಕಳ್ಳರು ಅಂತ ತಿಳಿದು ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. ಇಲ್ಲಿ ಹೊಣೆ ಫಾರ್ವರ್ಡ್ ಮಾಡಿದ ಪ್ರತಿಯೊಬ್ಬರಿಗೂ ಹಂಚಿಹೋಗುತ್ತದೆ. ನೋಡದೆ ಕಳಿಸಿದೆ ಅನ್ನುವುದು ಕಾರಣ ಆಗುವುದಿಲ್ಲ.

‘ನಾನು ಹಾಗೆ ಹೇಳೇ ಇಲ್ಲ, ತಿರುಚಿದ್ದಾರೆ’ ಅಂದರೆ?

ಕೆಲವು ಸಲ ನಿಜವಾಗಿಯೂ ತಿರುಚಿರುತ್ತಾರೆ. ಹಾಗಾಗಿ 20 ಸೆಕೆಂಡಿನ ತುಣುಕು ನೋಡಿ ತೀರ್ಮಾನ ಬೇಡ, ಪೂರ್ತಿ ಭಾಷಣ ಕೇಳಿ. ವಿಶ್ವಸಂಸ್ಥೆಯ ಕಡೆಯಿಂದ 2012ರಲ್ಲಿ ಬಂದ ರಬಾತ್ ಕಾರ್ಯಯೋಜನೆ ಇದಕ್ಕೆ ಒಳ್ಳೆ ದಾರಿ ತೋರಿಸುತ್ತದೆ. ಊರಿನ ಪರಿಸ್ಥಿತಿ ಆಗ ಹೇಗಿತ್ತು, ಮಾತಾಡಿದವರು ಯಾರು, ಉದ್ದೇಶ ಏನು, ಮಾತಿನ ಧಾಟಿ ಏನು, ಎಷ್ಟು ಜನಕ್ಕೆ ತಲುಪಿತು, ಕೇಳಿದವರು ಕೈ ಎತ್ತುವ ಸಾಧ್ಯತೆ ಎಷ್ಟಿತ್ತು. ಈ ಆರನ್ನೂ ಒಟ್ಟಿಗೆ ನೋಡಬೇಕು.

ನಾನು ಇದಕ್ಕೆ ಒಂದು ಸೇರಿಸುತ್ತೇನೆ. ಹಿಂಸೆ ಆದ ಮಾರನೇ ದಿನ ಅವರು ಏನು ಮಾಡಿದರು? ತಿರುಚಿದ್ದಾರೆ ಅನ್ನುವವರು ಅವತ್ತೇ ಮೈಕ್ ಹಿಡಿದು ‘ಇದು ನನಗೆ ಬೇಡ, ನಿಲ್ಲಿಸಿ’ ಅಂದಿದ್ದರೆ ನಾನು ನಂಬುತ್ತೇನೆ. ಆರೋಪಿಗಳು ಜಾಮೀನಿನ ಮೇಲೆ ಬಂದಾಗ ಹಾರ ಹಾಕಿದವರನ್ನು ನಂಬುವುದು ಹೇಗೆ?

ಕಟುವಾಗಿ ಟೀಕೆ ಮಾಡುವುದೂ ತಪ್ಪಾ?

ಅಲ್ಲ. ಸರ್ಕಾರವನ್ನು, ಪಕ್ಷವನ್ನು, ಮಠವನ್ನು, ಮಸೀದಿಯನ್ನು, ಸಂಪ್ರದಾಯವನ್ನು ಎಷ್ಟು ಬೇಕಾದರೂ ಖಾರವಾಗಿ ಟೀಕಿಸಿ. 2025ರ ಮಾರ್ಚ್‌ನಲ್ಲಿ ಸಂಸದರೊಬ್ಬರು ಹಾಕಿದ ಕವಿತೆಯ ಕೇಸನ್ನು ರದ್ದು ಮಾಡುತ್ತಾ ಸುಪ್ರೀಂ ಕೋರ್ಟ್ ಒಂದು ಹಳೆಯ ಅಳತೆಯನ್ನು ಮತ್ತೆ ನೆನಪಿಸಿತು: ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಮನುಷ್ಯನ ದೃಷ್ಟಿಯಿಂದ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ದೃಷ್ಟಿಯಿಂದ ಅಲ್ಲ. ಹುಟ್ಟಿನ ಕಾರಣಕ್ಕೆ ಒಂದು ಇಡೀ ಗುಂಪನ್ನು ಕೀಟ, ಕಾಯಿಲೆ, ಶತ್ರು ಅನ್ನಲು ಶುರು ಮಾಡಿದಲ್ಲಿಗೆ ಟೀಕೆ ಮುಗಿಯಿತು.

ಮಂತ್ರಿ ಮಾತಾಡಿದರೆ ಸರ್ಕಾರವೇ ಮಾತಾಡಿದ ಹಾಗಾ?

ಕಾನೂನಿನಲ್ಲಿ ಇಲ್ಲ. 2023ರ ಜನವರಿಯಲ್ಲಿ ಸಂವಿಧಾನ ಪೀಠ ಬಹುಮತದಿಂದ ಹಾಗೆ ಹೇಳಿದೆ. ಆದರೆ ಮುಖ್ಯಮಂತ್ರಿ, ಪ್ರಧಾನಿ ಅವರನ್ನು ಸಂಪುಟದಲ್ಲಿ ಇಟ್ಟುಕೊಂಡು ಸುಮ್ಮನೆ ಕೂತರೆ ಜನ ಅದನ್ನು ಒಪ್ಪಿಗೆ ಅಂತಲೇ ಓದುತ್ತಾರೆ, ಓದಬೇಕು ಕೂಡ.

ಇಂಥ ಭಾಷಣ ಕೇಳಿದರೆ ನಾನು ಏನು ಮಾಡಬಹುದು?

ಗಲಾಟೆ ಆಗುವ ಸೂಚನೆ ಇದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಆಮೇಲೆ ದೂರು. ಪೂರ್ತಿ ವಿಡಿಯೊ ಇಟ್ಟುಕೊಳ್ಳಿ, ಕತ್ತರಿಸಬೇಡಿ. ಜಾಗ, ದಿನ, ಸಮಯ, ಮಾತಾಡಿದವರ ಹೆಸರು, ನಿಮಗೆ ಅಪಾಯ ಅನ್ನಿಸಿದ ವಾಕ್ಯ ಇದ್ದ ಹಾಗೆ ಬರೆಯಿರಿ. ದೂರಿನ ಪ್ರತಿಗೆ ಠಾಣೆಯ ಸೀಲು ಹಾಕಿಸಿಕೊಳ್ಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಇದು ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿದೆ. ಚುನಾವಣೆ ನೀತಿಸಂಹಿತೆ ಜಾರಿಯಲ್ಲಿದ್ದರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆಯೂ ವಿಡಿಯೊ ಹಾಕಬಹುದು, 100 ನಿಮಿಷದಲ್ಲಿ ಕ್ರಮ ಅನ್ನುವುದು ಅವರ ಗುರಿ. ಆ ವಿಡಿಯೊವನ್ನು ‘ನೋಡಿ ಎಂಥಾ ಮಾತು’ ಅಂತ ಗುಂಪುಗಳಿಗೆ ಹಂಚಬೇಡಿ. ನೀವು ಬೈದು ಹಾಕಿದರೂ ಅದು ಅವರು ಅಂದುಕೊಂಡ ಜನಕ್ಕೇ ಹೋಗಿ ತಲುಪುತ್ತದೆ.